ಒಬ್ಬನೇ ಎಂದು ಬರೆದೆಯಲ್ಲ

ಗಂಗೊಳ್ಳಿ

ಚಿ. ಗಿರೀಶನಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರವನ್ನು ಮೊಮ್ಮಗಳು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಟ್ಟಳು. ಆರು ಹಾಳೆಯಾಯಿತು. ಐದೂವರೆ ಹಾಳೆಯ ತುಂಬ 30 ಅಡಿಯ ಹಾಯಿದೋಣಿ ಮಾರಿ 34 ಅಡಿಯದನ್ನು ಕೊಳ್ಳಬೇಕೋ ಬೇಡವೋ ಎಂಬ ಲೆಕ್ಕಾಚಾರ. ಅದನ್ನು ಖುಷಿಯಿಂದಲೇ ಓದಿದೆ. ಕೊನೆಯಲ್ಲಿ, ಬೇರೇನೋ ಹೇಳುವ ನಡುವೆ, "ಹೇಗೂ ಈಗ ಹೋಗುವವನು ನಾನೊಬ್ಬನೇ, ದೊಡ್ಡದಾದರೆ ಭಯ ಕಡಿಮೆ" ಎಂದು ಬರೆದಿದ್ದೀಯೆ. ಅದನ್ನು ಓದಿದ ಮೇಲೆ ಊಟ ರುಚಿಸಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಯಿತೇ ಎಂದು ನಿನ್ನ ಅತ್ತೆ ಎರಡು ಸಲ ಕೇಳಿದಳು.

ಸವಿತಾ ಈಗ ಏಕೆ ಜೊತೆಗೆ ಬರುತ್ತಿಲ್ಲ ಎಂದು ನಾನು ಕೇಳುವುದಿಲ್ಲ. ಅದು ನಿಮ್ಮಿಬ್ಬರ ವಿಷಯ.

ಅಮೆರಿಕದ ನಿನ್ನ ಚೆಸಪೀಕ್ ಕೊಲ್ಲಿಯನ್ನು ನಾನೂ ಕಂಡಿದ್ದೇನೆ, ಬಾಲ್ಟಿಮೋರಿಗೆ ಕಲ್ಲಿದ್ದಲು ತುಂಬಲು ಹೋಗುತ್ತಿದ್ದ ಹಡಗಿನ ಮೇಲಿನಿಂದ. ಅನಾಪೊಲಿಸ್ ಬಳಿ ಬಿಳಿ ಹಾಯಿಗಳು ಕೊಕ್ಕರೆ ಹಿಂಡಿನಂತೆ ಕಾಣುತ್ತಿದ್ದವು. ಅಷ್ಟು ಅಗಲದ ನೀರಿಗೆ ಸರಾಸರಿ ಆಳ 21 ಅಡಿ ಮಾತ್ರ ಎಂದು ಹಡಗಿಗೆ ದಾರಿ ತೋರಿಸುವ ಪೈಲಟ್ ಹೇಳಿದಾಗ ನಾನು ನಂಬಿರಲಿಲ್ಲ. ಆಳವಿಲ್ಲದ ನೀರಿನಲ್ಲಿ ಗಾಳಿ ಎದ್ದರೆ ಅಲೆ ಒಂದರ ಬೆನ್ನಿಗೆ ಒಂದು, ಗಿಡ್ಡವಾಗಿ, ಕಡಿದಾಗಿ ಬರುತ್ತದೆ. ನಮ್ಮ ಅಳಿವೆ ಬಾಗಿಲಿನಲ್ಲಿಯೂ ಹಾಗೆಯೇ. ಅಂಥ ಅಲೆಯಲ್ಲಿ ಭಾರದ ದೋಣಿ ಕಡಿಮೆ ಕುಣಿಯುತ್ತದೆ ಎಂದು ನೀನು ಬರೆದದ್ದು ಸರಿ, ಅದನ್ನು ಅಲ್ಲಗಳೆಯುವುದಿಲ್ಲ.

ಆದರೆ ಆ ಭಾರವನ್ನು ಎಳೆಯುವ ಕೈ ನಿನ್ನ ಎರಡೇ ಅಲ್ಲವೇ? ನಾಲ್ಕೇ ಅಡಿ ಉದ್ದ ಎನ್ನುತ್ತೀಯೆ. ಅಗಲ ಮತ್ತು ಆಳವೂ ಅದೇ ಅಳತೆಯಲ್ಲಿ ಬೆಳೆದರೆ ತೂಕ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಹಾಯಿ, ಲಂಗರು, ಸರಪಳಿ ಎಲ್ಲವೂ ಅದಕ್ಕೆ ತಕ್ಕಂತೆ. ವೇಗವೋ, ನೀರಿನ ಮಟ್ಟದಲ್ಲಿ ದೋಣಿಯ ಉದ್ದ 25 ಅಡಿ ಇದ್ದದ್ದು 28 ಆದರೆ, ಸಮುದ್ರದ ವೇಗದ ಅಳತೆಯಾದ ನಾಟಿನಲ್ಲಿ 6.7ರಿಂದ 7.1ಕ್ಕೆ ಏರೀತು, ಅಷ್ಟೆ. ನಿಲ್ಲಿಸುವ ಜಾಗದ ಬಾಡಿಗೆಯನ್ನು ಅಡಿಗಿಷ್ಟು ಎಂದು ವಸೂಲಿ ಮಾಡುತ್ತಾರೆ ಎಂದು ನೀನೇ ಬರೆದಿದ್ದೀಯೆ. ಇಷ್ಟೆಲ್ಲ ನಿನಗೆ ಗೊತ್ತು, ಎಂಜಿನಿಯರ್ ನೀನು. ನಾನು ಬರೆಯಲು ಕೂತದ್ದೂ ಇದಕ್ಕಲ್ಲ.

"ದೊಡ್ಡದಾದರೆ ಭಯ ಕಡಿಮೆ." ಈ ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೇನೆ. ಕೇಳಿದ್ದೇನೆ ಎಂದೆನಲ್ಲ, ಆಡಿದ್ದೇ ನಾನು.

1981ರಲ್ಲಿ ನಾವು 32 ಅಡಿಯದನ್ನು ಮಾರಿ 38 ಅಡಿಯ ದೋಣಿ ತಂದೆವು. ಆ ದೀಪಾವಳಿಯಲ್ಲಿ ಅಣ್ಣನಿಗೆ ಏನಾಯಿತು ಎಂಬುದು ನಿನಗೆ ಗೊತ್ತಿರುವುದೇ, ಮತ್ತೆ ಬರೆಯುವುದಿಲ್ಲ. ಬೆಳಿಗ್ಗೆ ಕೋಡಿ ಊರಿನ ಮರಳಿನ ಮೇಲೆ ದೋಣಿ ಮಾತ್ರ ಸಿಕ್ಕಿದಾಗ ಅದನ್ನು ಮೊದಲು ಹತ್ತಿದವನು ನಾನು. ಒಂದು ಹಲಗೆಯೂ ಬಿರಿದಿರಲಿಲ್ಲ. ಚುಕ್ಕಾಣಿಗೆ ಹಗ್ಗ ಬಿಗಿದು ಕಟ್ಟಿತ್ತು, ಬಹಳ ಚೆನ್ನಾಗಿ ಕಟ್ಟಿತ್ತು. ಹಿಂದಕ್ಕೆ ಏನೋ ನೋಡಲು ಹೋಗಿರಬೇಕು. ಅಂದು ಸಮುದ್ರದಲ್ಲಿ ಗಾಳಿಯೇ ಇರಲಿಲ್ಲ, ಗಿರೀಶ.

ಮಲ್ಪೆಯಿಂದ ದೋಣಿ ತರಬೇಕಿತ್ತು. ಕೆಲಸದವರೆಲ್ಲ ಹಬ್ಬಕ್ಕೆ ಊರಿಗೆ ಹೋಗಿದ್ದರು. ಬಸ್ಸಿಗೆ ಹೊರಡುವಾಗ ಅಣ್ಣ ಜಗಲಿಯಲ್ಲಿ ನಿಂತು, "ನೀನೂ ಬಾ" ಎಂದ. ಪಕ್ಕದ ಮನೆಯಲ್ಲಿ ಇಸ್ಪೀಟಿಗೆ ಚಾಪೆ ಹಾಸಿ ನನಗಾಗಿ ಕಾಯುತ್ತಿದ್ದರು. "ಈಗ ದೋಣಿ ದೊಡ್ಡದಿದೆ, ಒಬ್ಬನೇ ತಾ, ಹೆದರಿಕೆ ಏನು?" ಎಂದೆ. ಅವನು ನಕ್ಕು ಹೋದ. ಮರುವರ್ಷ ನಾನು ಹಡಗು ಹತ್ತಿದೆ. ಸಂಬಳದ ಆಸೆಗೆ ಎಂದು ಮನೆಯವರು ತಿಳಿದರು, ನಾನೂ ತಿದ್ದಲಿಲ್ಲ.

ಈಗ ನಿನ್ನ ದೋಣಿಗೆ ತಾನೇ ಚುಕ್ಕಾಣಿ ಹಿಡಿಯುವ ಆಟೋಪೈಲಟ್ ಇದೆ. ಅಣ್ಣನ ಹಗ್ಗಕ್ಕಿಂತ ಜಾಣ ಯಂತ್ರ. ಆದರೆ ಆರು ನಾಟಿನ ವೇಗವೆಂದರೆ ಸೆಕೆಂಡಿಗೆ ಮೂರು ಮೀಟರು. ನೀನು ನೀರಿಗೆ ಬಿದ್ದು, ಕೆಮ್ಮಿ, ಕಣ್ಣೊರೆಸಿಕೊಳ್ಳುವ ಹೊತ್ತಿಗೆ ದೋಣಿ ಮೂವತ್ತು ಮೀಟರು ಮುಂದೆ ಹೋಗಿರುತ್ತದೆ, ಸ್ವಲ್ಪವೂ ದಾರಿ ತಪ್ಪದೆ. ರಾತ್ರಿ ಇದನ್ನು ಯೋಚಿಸುತ್ತ ಎದ್ದು ಕೂತಿದ್ದೆ.

ಕೊಳ್ಳಬೇಡ ಎನ್ನುವ ಧೈರ್ಯ ನನಗಿಲ್ಲ. ಐವತ್ತೆರಡರ ವಯಸ್ಸಿನವನಿಗೆ ಎಂಬತ್ತರ ಸಮೀಪದವನು ಏನು ಹೇಳುವುದು! ಕೊಳ್ಳುವ ಮೊದಲು ಒಂದು ದಿನ, ಗಾಳಿ ಜೋರಿರುವ ಮಧ್ಯಾಹ್ನ, ಮಾರುವವನನ್ನು ಸುಮ್ಮನೆ ಕೂರಿಸಿ, ಹಾಯಿಯನ್ನು ನೀನೊಬ್ಬನೇ ಮಡಿಚಿ ಕಿರಿದು ಮಾಡಿ ನೋಡು. ಕಟ್ಟೆಗೆ ತಂದು ಕಟ್ಟುವುದನ್ನೂ ಒಬ್ಬನೇ ಮಾಡು. ನಿನ್ನನ್ನು ದೋಣಿಗೆ ಕಟ್ಟಿಡುವ ಸೊಂಟದ ಹಗ್ಗವನ್ನು ಗಾಳಿ ಬಂದ ಮೇಲಲ್ಲ, ಕಟ್ಟೆ ಬಿಡುವಾಗಲೇ ಸಿಕ್ಕಿಸಿಕೋ. ಸಮುದ್ರ ಸುಮ್ಮನಿದ್ದ ದಿನವೂ. ವಸಂತದಲ್ಲಿ ಬಿಸಿಲು ಬಂದರೂ ಅಲ್ಲಿಯ ನೀರು ಕೊರೆಯುತ್ತಿರುತ್ತದೆಯಂತೆ, ಆಗ ಇನ್ನೂ ಎಚ್ಚರ. ಮಕ್ಕಳಿಗೆ ಹೇಳುವಂತೆ ಹೇಳುತ್ತಿದ್ದೇನೆ, ಬೇಸರಿಸಬೇಡ.

ಇನ್ನೊಂದು. ದೊಡ್ಡ ದೋಣಿಯ ಅಂಚು ನೀರಿನಿಂದ ಎತ್ತರವಿರುತ್ತದೆ. ಹಿಂಬದಿಯ ಏಣಿಯನ್ನು ನೀರಿನಲ್ಲಿರುವವನೇ ಕೈಚಾಚಿ ಇಳಿಸಿಕೊಳ್ಳಲು ಆಗುತ್ತದೆಯೇ, ಅಥವಾ ಮೇಲಿನವರೇ ಇಳಿಸಬೇಕೇ? ಎರಡೂ ದೋಣಿಗಳಲ್ಲಿ ನೋಡಿ ಬರೆ. ಫೋಟೋ ಕಳಿಸಿದರೆ ಮೊಮ್ಮಗಳು ತೋರಿಸುತ್ತಾಳೆ. ಮತ್ತೆ, ಯಾರಾದರೂ ಒಬ್ಬರು, ಆ ಕಟ್ಟೆಯ ಕಾವಲುಗಾರನಾದರೂ ಆಗಲಿ, ನಿನ್ನ ಜೊತೆ ಬರುವವರು ಯಾರೂ ಇಲ್ಲವೇ?

ಅಕ್ಕನಿಗೆ ಫೋನು ಮಾಡಿದಾಗ ದೋಣಿಯ ಸುದ್ದಿ ಹೇಳು, ಈ ಪತ್ರದ್ದು ಬೇಡ. ಅಣ್ಣ ಅಂದು ನನ್ನನ್ನು ಕರೆಯಲೇ ಇಲ್ಲ ಎಂದು ಅವಳಿಗೆ ಹೇಳಿದ್ದೇನೆ.

ಇತಿ,
ನಿನ್ನ ಮಾವ