ಎಂಟು ವಾರ ಜೊತೆಗೆ ನಡೆದವರಿಗೆ

ಶ್ವಾಸಕೋಶ ಪುನಶ್ಚೇತನದ 8 ವಾರದ ತರಗತಿ ಈ ಶನಿವಾರಕ್ಕೆ ಮುಗಿಯಿತು. ವಾರಕ್ಕೆ 3 ದಿನ, ಮಲೆನಾಡಿನ ಮಳೆಯಲ್ಲಿ ಬಂದುಹೋಗುವುದು ಸಿಒಪಿಡಿ (ಉಸಿರುದಾರಿ ಕಿರಿದಾಗಿ ದಮ್ಮು ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರಿಗೆ ಸಣ್ಣ ಮಾತಲ್ಲ. ‘ಎಲ್ಲರಿಗೂ ಧನ್ಯವಾದ’ ಅಂದುಬಿಟ್ಟರೆ ಅದು ಯಾರಿಗೂ ಸೇರುವುದಿಲ್ಲ. ಹಾಗಾಗಿ ಯಾರಿಗೆ, ಯಾತಕ್ಕೆ ಅಂತ ಬಿಡಿಸಿಯೇ ಬರೆಯುತ್ತಿದ್ದೇವೆ.

ಮೊದಲು, ನಿಜ ಹೇಳಿದವರಿಗೆ. ‘ದಮ್ಮು ಬರುತ್ತಾ?’ ಅಂತ ಕೇಳಿದರೆ ಈ ಕಾಯಿಲೆಯವರು ಸಾಮಾನ್ಯವಾಗಿ ‘ಇಲ್ಲ, ಆರಾಮಿದೀನಿ’ ಅನ್ನುತ್ತಾರೆ. ಅದು ಸುಳ್ಳೂ ಅಲ್ಲ. ಏರು ಹತ್ತುವಾಗ ಉಸಿರು ಸಿಕ್ಕಿಕೊಳ್ಳುತ್ತದೆಂದು ತೋಟಕ್ಕೆ ಹೋಗುವುದನ್ನು ಬಿಟ್ಟಿರುತ್ತಾರೆ, ಆಮೇಲೆ ಸಂತೆ, ಆಮೇಲೆ ಮದುವೆಮನೆ, ಕೊನೆಗೆ ಜಗಲಿ ಇಳಿಯುವುದನ್ನೂ. ಕೂತೇ ಇದ್ದವರಿಗೆ ದಮ್ಮು ಎಲ್ಲಿಂದ ಬರಬೇಕು? ಕೂತಷ್ಟೂ ತೊಡೆಯ ಸ್ನಾಯು ಸೊರಗುತ್ತದೆ, ಸೊರಗಿದ ಸ್ನಾಯು ಅದೇ ನಾಲ್ಕು ಹೆಜ್ಜೆಗೆ ಹೆಚ್ಚು ಉಸಿರು ಕೇಳುತ್ತದೆ, ಮತ್ತೆ ಕೂರುತ್ತಾರೆ. ನಾವು ಕೇಳಬೇಕಾದ್ದು ‘ಏನೇನು ಬಿಟ್ಟಿರಿ?’ ಅಂತ. ಮಕ್ಕಳೆದುರು ಅದಕ್ಕೆ ಉತ್ತರ ಕೊಡುವುದು ಮುಜುಗರದ ಕೆಲಸ. ಕೊಟ್ಟಿರಿ.

ಈ ಸಂಗತಿಯನ್ನು ಅಂಕಿಗೆ ಇಳಿಸಲು ದಾರಿ ಮಾಡಿಕೊಟ್ಟ ಲಂಡನ್ನಿನ ಸೇಂಟ್ ಜಾರ್ಜ್ಸ್ ವೈದ್ಯಕೀಯ ಶಾಲೆಯ ಪಾಲ್ ಜೋನ್ಸ್ ಅವರಿಗೂ ಒಂದು ನಮಸ್ಕಾರ. 1992ರಲ್ಲಿ ಪ್ರಕಟವಾದ ಅವರ ತಂಡದ 50 ಪ್ರಶ್ನೆಗಳ ಪಟ್ಟಿ ಸಂಶೋಧನೆಗೆ ಸರಿ, ತರಗತಿಗೆ ಉದ್ದವಾಯಿತು. 2009ರಲ್ಲಿ ಬಂದ ‘ಕ್ಯಾಟ್’ ಎಂಬ ಸಿಒಪಿಡಿ ಪ್ರಶ್ನಾವಳಿಯಲ್ಲಿ ಎಂಟೇ ಪ್ರಶ್ನೆ: ಕೆಮ್ಮು, ಕಫ, ಎದೆ ಬಿಗಿತ, ಮೆಟ್ಟಿಲು ಹತ್ತಿದರೆ ಏದುಸಿರು, ಮನೆಗೆಲಸ, ಹೊರಗೆ ಹೋಗುವ ಧೈರ್ಯ, ನಿದ್ರೆ, ಕಸುವು. ಪ್ರತಿಯೊಂದಕ್ಕೂ 0ಯಿಂದ 5, ಒಟ್ಟು 40. ಹೆಚ್ಚು ಅಂಕ ಅಂದರೆ ಹೆಚ್ಚು ಕಷ್ಟ. 2 ಅಂಕ ಇಳಿದರೂ ಅದು ಲೆಕ್ಕಕ್ಕೆ ಬರುವ ಬದಲಾವಣೆ. ನಮ್ಮ ಕಡೆ ಎಡವುವುದು ‘ಪರವಾಗಿಲ್ಲ’ ಎಂಬ ಪದದಲ್ಲಿ. ಅದು 1 ಇರಬಹುದು, 4 ಇರಬಹುದು. ಮೆಟ್ಟಿಲೇ ಇಲ್ಲದ ಮನೆಯವರು ಮೆಟ್ಟಿಲಿನ ಪ್ರಶ್ನೆಗೆ 0 ಹಾಕಿಬಿಡುತ್ತಾರೆ. ಅವರಿಗೆ ದೇವಸ್ಥಾನದ ಮೆಟ್ಟಿಲು ನೆನಪಿಸಬೇಕು.

ಊದಿಸಿ ನೋಡುವ ಸ್ಪೈರೋಮೆಟ್ರಿಯ ಅಂಕಿ ಏರಲಿಲ್ಲವೆಂದು ಬೇಸರ ಮಾಡಿಕೊಂಡವರಿಗೆ ಒಂದು ಮಾತು: ಅದು ಏರುವುದಿಲ್ಲ. ಹಾಳಾದ ಗಾಳಿಗೂಡುಗಳು ವ್ಯಾಯಾಮದಿಂದ ಮರಳುವುದಿಲ್ಲ. ಬದಲಾಗುವುದು ಕಾಲು, ಉಸಿರಿನ ಲಯ, ಹೆದರಿಕೆ. ಅದಕ್ಕೇ 30 ಮೀಟರಿನ ಓಣಿಯಲ್ಲಿ 6 ನಿಮಿಷ ನಡೆಸಿ ಅಳೆಯುವುದು. ಮೊದಲ ದಿನಕ್ಕಿಂತ 30 ಮೀಟರ್ ಹೆಚ್ಚು ನಡೆದರೆ ದೇಹಕ್ಕೆ ಅದು ಗೊತ್ತಾಗುವಷ್ಟು ವ್ಯತ್ಯಾಸ.

ಮನೆಯವರಿಗೆ, ಅದರಲ್ಲೂ ಬಚ್ಚಲುಮನೆ ಬದಲಾಯಿಸಿದವರಿಗೆ, ದೊಡ್ಡ ಕೃತಜ್ಞತೆ. ನಡೆಯುವುದಕ್ಕಿಂತ ಸ್ನಾನವೇ ಇವರನ್ನು ಹೆಚ್ಚು ಸುಸ್ತು ಮಾಡುತ್ತದೆ ಎಂದರೆ ಹೊರಗಿನವರು ನಂಬುವುದಿಲ್ಲ. ಕತ್ತು, ಭುಜದ ಸ್ನಾಯುಗಳು ಇವರಿಗೆ ಉಸಿರೆಳೆಯಲು ಬೇಕು. ತಂಬಿಗೆ ಎತ್ತಿ ತಲೆಗೆ ಸುರಿದುಕೊಳ್ಳುವಾಗ ಅದೇ ಸ್ನಾಯುಗಳು ಕೈ ಎತ್ತುವ ಕೆಲಸಕ್ಕೆ ಹೋಗುತ್ತವೆ. ಕುಕ್ಕರುಗಾಲಲ್ಲಿ ಬಗ್ಗಿದರೆ ಹೊಟ್ಟೆ ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಮೇಲಕ್ಕೆ ಒತ್ತುತ್ತದೆ. ಮೇಲಿಂದ ಹಬೆ, ಮುಚ್ಚಿದ ಬಾಗಿಲು. ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲು, ಬಕೆಟ್ಟನ್ನು ಇನ್ನೊಂದು ಸ್ಟೂಲಿನ ಮೇಲೆ, ಬಾಗಿಲು ಓರೆ, ಮೈ ಒರೆಸಿಕೊಳ್ಳುವ ಬದಲು ದೊಡ್ಡ ಟವೆಲ್ ಹೊದ್ದು ಕೂರುವುದು. ಇಷ್ಟರಿಂದ ಅರ್ಧ ಕಷ್ಟ ಇಳಿಯುತ್ತದೆ. ಆಕ್ಸಿಜನ್ ಹಾಕಿಕೊಳ್ಳುವವರು ಸ್ನಾನಕ್ಕೆ ಅದನ್ನು ತೆಗೆದಿಡುವುದು ತಪ್ಪು ಅಭ್ಯಾಸ. ಅಲ್ಲೇ ಅದು ಹೆಚ್ಚು ಬೇಕಾಗುವುದು. ನಳಿಗೆ ಒಳಗೆ ಬರಲಿ, ಯಂತ್ರ ಹೊರಗಿರಲಿ.

ಊಟದ ವಿಷಯದಲ್ಲೂ ಅಡುಗೆಮನೆಯವರು ಹೊಂದಿಕೊಂಡರು. ಎರಡು ಮುದ್ದೆ ಒಂದೇ ಸಲ ಇಳಿದರೆ ಉಸಿರಿಗೆ ಜಾಗವಿರುವುದಿಲ್ಲ. ಅದನ್ನೇ ಐದಾರು ಸಣ್ಣ ಊಟ ಮಾಡಿ, ಮೊಟ್ಟೆ, ಬೇಳೆ, ಮೊಸರು ಸೇರಿಸಿದಿರಿ. ತೂಕ ಇಳಿಯುತ್ತಿರುವವರಿಗೆ ಇದು ಔಷಧಿಯಷ್ಟೇ ಮುಖ್ಯ.

ಬಚ್ಚಲೊಲೆ ಆರಿಸಿದ ಮನೆಗಳನ್ನು ಬೇರೆಯಾಗಿಯೇ ಹೇಳಬೇಕು. ಅಡುಗೆಗೆ ಗ್ಯಾಸ್ ಬಂದ ಮೇಲೂ ಹಂಡೆ ನೀರಿಗೆ ಸೌದೆ, ಅಡಿಕೆ ಸಿಪ್ಪೆ ಉರಿಯುತ್ತಲೇ ಇರುತ್ತದೆ. ಬೀಡಿ ಮುಟ್ಟದ ಹೆಂಗಸರಿಗೂ ಈ ಕಾಯಿಲೆ ಬರಲು ಸೌದೆಯ ಹೊಗೆ ಒಂದು ದೊಡ್ಡ ಕಾರಣ. ಅಜ್ಜನ ಕಾಲದ ಹಂಡೆ ಬಿಡಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಬಿಟ್ಟಿರಿ.

ಔಷಧಿ ಅಂಗಡಿಯವರಿಗೆ: ಇನ್ಹೇಲರ್ ಕೊಟ್ಟು ಕಳಿಸದೆ ‘ಒಮ್ಮೆ ಎಳೆದು ತೋರಿಸಿ’ ಅಂದಿರಲ್ಲ, ಅದಕ್ಕೆ. ಪುಡಿಯ ಕ್ಯಾಪ್ಸೂಲನ್ನು ನೀರು ಕುಡಿದು ನುಂಗುವವರು ಈಗಲೂ ಇದ್ದಾರೆ. ಆ ಪುಡಿ ಎಳೆದುಕೊಳ್ಳುವ ರೋಟಾಹೇಲರ್ ಆದರೆ ಹೊರಗೆ ಪೂರ್ತಿ ಉಸಿರು ಬಿಟ್ಟು, ಜೋರಾಗಿ ಆಳವಾಗಿ ಎಳೆದು, 10 ಎಣಿಸುವವರೆಗೆ ತಡೆಯಬೇಕು. ಅದರೊಳಕ್ಕೆ ಊದಿದರೆ ತೇವಕ್ಕೆ ಪುಡಿ ಗಂಟುಕಟ್ಟುತ್ತದೆ. ಒತ್ತಿದರೆ ಔಷಧಿ ಚಿಮ್ಮುವ ಪಂಪ್ ಆದರೆ ತದ್ವಿರುದ್ಧ: ಕುಲುಕಿ, ಸ್ಪೇಸರ್ (ಪಂಪಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಮೂಲಕ ನಿಧಾನವಾಗಿ ಎಳೆಯಬೇಕು, ಎರಡನೇ ಪಫ್‌ಗೆ ಅರ್ಧ ನಿಮಿಷವಾದರೂ ಬಿಡಬೇಕು. ಒಂದರ ರೂಢಿ ಇನ್ನೊಂದಕ್ಕೆ ಹೊತ್ತುಕೊಂಡು ಹೋಗುವುದೇ ಹೆಚ್ಚಿನ ಎಡವಟ್ಟು. ಸ್ಪೇಸರನ್ನು ಸೋಪು ನೀರಲ್ಲಿ ಅದ್ದಿ ಹಾಗೇ ಒಣಗಲು ಬಿಡಿ. ಬಟ್ಟೆಯಲ್ಲಿ ತಿಕ್ಕಿದರೆ ಸ್ಥಿರ ವಿದ್ಯುತ್ತಿಗೆ ಔಷಧಿ ಗೋಡೆಗೇ ಅಂಟುತ್ತದೆ. ಸ್ಟಿರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲವಾದರೆ ನಾಲಿಗೆ ಮೇಲೆ ಬಿಳಿ ಬೂಷ್ಟು.

ಕರೆಂಟ್ ತೆಗೆಯುವ ಮುಂಚೆ ಫೋನ್ ಮಾಡಿ ಹೇಳುತ್ತಿದ್ದ ಲೈನ್‌ಮ್ಯಾನ್ ಅಣ್ಣಂದಿರಿಗೆ ಎಷ್ಟು ಹೇಳಿದರೂ ಕಡಿಮೆ. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ, ಕಾನ್ಸಂಟ್ರೇಟರ್, 350 ವ್ಯಾಟ್ ಆಸುಪಾಸು ಎಳೆಯುತ್ತದೆ. 150 ಆಂಪಿಯರ್-ಅವರ್‌ನ ಒಂದೇ ಬ್ಯಾಟರಿಯ ಇನ್ವರ್ಟರ್ ಮೂರು ಗಂಟೆ ತಡೆದರೆ ಪುಣ್ಯ, ಬ್ಯಾಟರಿ ಹಳತಾದರೆ ಅದೂ ಇಲ್ಲ. ಬಿ-ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್. ನಿಮಿಷಕ್ಕೆ 2 ಲೀಟರ್ ಅಂದರೆ ಹನ್ನೆರಡು ಗಂಟೆ. ಮುಳ್ಳು ಅರ್ಧಕ್ಕೆ ಬಂದಿದ್ದರೆ ಆರು. ಫೋನ್ ಬಂದ ತಕ್ಷಣ ಈ ಲೆಕ್ಕ ಮಾಡಿಕೊಳ್ಳಲು ಸಮಯ ಸಿಗುತ್ತಿತ್ತು. ಗಾಬರಿಗೆ ಹರಿವನ್ನು 5ಕ್ಕೆ ಏರಿಸಬೇಡಿ: ಸಿಒಪಿಡಿಯಲ್ಲಿ ರಕ್ತದ ಆಮ್ಲಜನಕದ ಗುರಿ ಶೇಕಡಾ 88ರಿಂದ 92, ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಅಂದಹಾಗೆ, ಉಗುರಿಗೆ ಬಣ್ಣ ಹಚ್ಚಿದ್ದರೆ, ಬೆರಳು ತಣ್ಣಗಿದ್ದರೆ, ಬೆರಳಿಗೆ ಸಿಕ್ಕಿಸಿ ಈ ಅಂಕಿ ನೋಡುವ ಆಕ್ಸಿಮೀಟರ್ ತಪ್ಪು ತೋರಿಸುತ್ತದೆ. ಮೊದಲು ಕೈ ಉಜ್ಜಿ ಬೆಚ್ಚಗೆ ಮಾಡಿ ನೋಡಿ.

ಇನ್ನು ಹೆಸರು ಗೊತ್ತಿಲ್ಲದ 290 ಜನ. ಅಮೆರಿಕದಲ್ಲಿ 203 ಮಂದಿ, ಬ್ರಿಟನ್ನಿನಲ್ಲಿ 87 ಮಂದಿ ಆಕ್ಸಿಜನ್ ಪ್ರಯೋಗಗಳಿಗೆ ಒಪ್ಪಿದ್ದರು. ಫಲಿತಾಂಶ ಬಂದದ್ದು 1980 ಮತ್ತು 1981ರಲ್ಲಿ. ಬ್ರಿಟನ್ನಿನಲ್ಲಿ ದಿನಕ್ಕೆ 15 ಗಂಟೆ ಆಕ್ಸಿಜನ್ ಪಡೆದ 42 ಜನರಲ್ಲಿ ಐದು ವರ್ಷದೊಳಗೆ 19 ಮಂದಿ ತೀರಿಕೊಂಡರು, ಪಡೆಯದ 45ರಲ್ಲಿ 30. ‘ಹದಿನೈದು ಗಂಟೆ ಯಾಕೆ, ಸುಸ್ತಾದಾಗ ಹತ್ತು ನಿಮಿಷ ಸಾಲದೇ?’ ಅಂತ ಕೇಳಿದವರಿಗೆ ನಾವು ಕೊಡುವ ಉತ್ತರ ಆ 30 ಜನರಿಂದ ಬಂದದ್ದು. ಇದು ರಕ್ತದ ಆಮ್ಲಜನಕ ತೀರಾ ಇಳಿದವರಿಗೆ ಮಾತ್ರ. ಅಷ್ಟು ಇಳಿಯದವರಿಗೆ ಯಂತ್ರದಿಂದ ಲಾಭವಿಲ್ಲವೆಂದು 738 ಜನರ ಮೇಲಿನ ಅಧ್ಯಯನ 2016ರಲ್ಲಿ ತೋರಿಸಿತು. ಸಾಲ ಮಾಡಿ ಯಂತ್ರ ಕೊಳ್ಳುವ ಮುಂಚೆ ಕೇಳಿಕೊಂಡು ಬಂದ ಮನೆಗಳಿಗೂ ಆದ್ದರಿಂದ ವಂದನೆ.

ಕಾದು ನಿಂತ ಆಟೋದವರಿಗೆ, ಓಣಿಯಲ್ಲಿ ಕುರ್ಚಿ ಇಟ್ಟುಕೊಟ್ಟವರಿಗೆ, ಚಹಾ ಕೊಟ್ಟವರಿಗೆ, ಥ್ಯಾಂಕ್ಸ್.

ತರಗತಿ ನಿಂತರೆ ಗಳಿಸಿದ್ದು ತಿಂಗಳುಗಳಲ್ಲಿ ಕರಗುತ್ತದೆ. ಹಾಗಾಗಿ ಮನೆಯಲ್ಲಿ ಮುಂದುವರಿಸಿ: ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 10 ಸಲ, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ತೋಳು ಎತ್ತುವುದು 10 ಸಲ, ವಾರದಲ್ಲಿ ಐದು ದಿನ ನಡಿಗೆ. ಮೂಗಿನಿಂದ 2 ಎಣಿಕೆ ಒಳಗೆ, ಸೀಟಿ ಹೊಡೆಯುವಂತೆ ತುಟಿ ಮಾಡಿ 4 ಎಣಿಕೆ ಹೊರಗೆ. ಎತ್ತುವಾಗ, ಏಳುವಾಗ ಉಸಿರು ಹೊರಗೇ ಬಿಡಬೇಕು. ಹತ್ತರ ಅಳತೆಯಲ್ಲಿ ಏದುಸಿರು 4ರ ಹತ್ತಿರ ಇರಲಿ. ಆಕ್ಸಿಮೀಟರ್ 88ಕ್ಕಿಂತ ಇಳಿದರೆ ವ್ಯಾಯಾಮ ನಿಲ್ಲಿಸಿ, ಮುಂದೆ ಬಾಗಿ, ಮೊಣಕೈ ಮೊಣಕಾಲ ಮೇಲಿಟ್ಟು ಕೂರಿ. ಕಫದ ಬಣ್ಣ ಹಸಿರಾದರೆ, ಪ್ರಮಾಣ ಹೆಚ್ಚಾದರೆ ಅವತ್ತೇ ಫೋನ್ ಮಾಡಿ, ಸೋಮವಾರ ಬರಲೆಂದು ಕಾಯಬೇಡಿ.

ಫ್ಲೂ ಲಸಿಕೆ ಬಾಕಿ ಇರುವವರು ಮುಂದಿನ ವಾರ ಬನ್ನಿ. ಎರವಲು ಒಯ್ದ ಆಕ್ಸಿಮೀಟರ್‌ಗಳನ್ನೂ ಆಗಲೇ ತನ್ನಿ; ಮುಂದಿನ ತಂಡದವರು ಕೇಳಲು ಶುರುಮಾಡಿದ್ದಾರೆ.