ಕೋವಿ ಕೊಳ್ಳುವ ಮೊದಲು ಇದನ್ನು ಓದಿಬಿಡು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಪಟ್ಟಿ ನೋಡಿದೆ. ಎಲ್ಲವೂ ಕಪ್ಪು ಬಣ್ಣ, ಮೈತುಂಬ ಬಿಡಿಸಾಮಾನು ಸಿಕ್ಕಿಸುವ ಲೋಹದ ಪಟ್ಟಿ (ರೈಲು), ಮುಂದೊಂದು ಟಾರ್ಚು, ಪಕ್ಕದಲ್ಲಿ ತೋಟಾ ಸಿಕ್ಕಿಸುವ ಪಟ್ಟಿ. ನೋಡೋಕೆ ಚೆನ್ನಾಗಿವೆ, ನಿಜ. ಆದರೆ ನೀನು ಕೇಳಿದ್ದು ಎರಡು ಕೆಲಸಕ್ಕೆ ಒಂದೇ ಸೆಮಿ ಆಟೋ ಶಾಟ್‌ಗನ್ (ಚರೆ, ಅಂದರೆ ಸಣ್ಣ ಗುಂಡುಗಳನ್ನು ಒಟ್ಟಿಗೆ ಹಾರಿಸುವ ಕೋವಿ), ಅದೂ ಕೈಗೆಟಕುವ ಬೆಲೆಯಲ್ಲಿ. ರಜೆ ದಿನ ರೇಂಜಿಗೆ ಹೋಗಿ ಹಾರುವ ಕ್ಲೇ ತಟ್ಟೆ ಹೊಡೆಯಬೇಕು, ರಾತ್ರಿ ಮನೆಯಲ್ಲಿ ಒಬ್ಬಳೇ ಇದ್ದಾಗ ಧೈರ್ಯಕ್ಕೂ ಆಗಬೇಕು. ಹಾಗಿದ್ದರೆ ಆ ಪಟ್ಟಿಯಲ್ಲಿ ಅರ್ಧಕ್ಕೆ ಈಗಲೇ ಗೆರೆ ಎಳೆದುಬಿಡು. ಕೋವಿ ನಿನ್ನ ಮೈಗೆ ಹೊಂದಬೇಕು. ಅಗ್ಗದ ಸಾದಾ ತೋಟಾ ಹಾಕಿದರೂ ತಕರಾರಿಲ್ಲದೆ ಓಡಬೇಕು. ಉಳಿದದ್ದೆಲ್ಲ ಆಮೇಲೆ.

ಅದಕ್ಕೂ ಮೊದಲು ಲೈಸೆನ್ಸ್. ಒಂದೊಂದು ದೇಶದಲ್ಲಿ ಒಂದೊಂದು ನಿಯಮ. ಬ್ರಿಟನ್ನಿನಲ್ಲಿ ಸಾಮಾನ್ಯ ಶಾಟ್‌ಗನ್ ಸರ್ಟಿಫಿಕೇಟಿಗೆ ಸಿಗುವ ಸೆಮಿ ಆಟೋದ ಮ್ಯಾಗಜಿನ್‌ನಲ್ಲಿ (ತೋಟಾ ತುಂಬಿಡುವ ಭಾಗ) ಎರಡೇ ತೋಟಾ ಹಿಡಿಯಬೇಕು. ಅಮೆರಿಕದಲ್ಲಿ ನಳಿಗೆ 18 ಇಂಚಿಗಿಂತ ಗಿಡ್ಡವಿದ್ದರೆ ಬೇರೆಯೇ ನೋಂದಣಿ. ಆಸ್ಟ್ರೇಲಿಯಾದಲ್ಲಿ 1996ರ ನಂತರ ಸೆಮಿ ಆಟೋ ಸಿಗುವುದೇ ತುಂಬ ಕಷ್ಟ. ನೀನಿರುವ ಕಡೆ ಏನು ನಡೆಯುತ್ತದೆ ಅನ್ನುವುದನ್ನು ಲೈಸೆನ್ಸ್ ಕೊಡುವವರ ಹತ್ತಿರವೇ ಕೇಳು, ಮಾರುವವನ ಮಾತು ನಂಬಿ ದುಡ್ಡು ಕಟ್ಟಬೇಡ.

ಈಗ ಹೊಂದಿಕೆ ವಿಷಯ. ಇದರ ಬಗ್ಗೆ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಅಂಗಡಿಯಲ್ಲಿ ಕೋವಿ ಕೈಗೆ ಬಂದ ಕೂಡಲೇ ಬೋಲ್ಟ್ (ತೋಟಾ ಕೂರುವ ಜಾಗವನ್ನು ಹಿಂದಿನಿಂದ ಮುಚ್ಚುವ ಭಾಗ) ಎಳೆದು, ಒಳಗೆ ತೋಟಾ ಇಲ್ಲ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕಿ ನೋಡಿ, ನೀನೇ ಖಾತ್ರಿ ಮಾಡಿಕೊ. ಅವರು ನೋಡಿ ಕೊಟ್ಟಿದ್ದರೂ ನೀನು ನೋಡು. ಆಮೇಲೆ ಯಾರೂ ಇಲ್ಲದ ದಿಕ್ಕಿಗೆ ತಿರುಗಿಸಿ, ಕಣ್ಣು ಮುಚ್ಚಿಕೊಂಡು ಭುಜಕ್ಕೆ ಏರಿಸು. ಕಣ್ಣು ತೆರೆದಾಗ ನಳಿಗೆಯ ತುದಿಯ ಮಣಿ ನೇರ ಎದುರಿಗೆ ಕಾಣಬೇಕು. ಕತ್ತು ಚಾಚಬೇಕಾಯಿತು, ಕೆನ್ನೆ ಎತ್ತಬೇಕಾಯಿತು ಅಂದರೆ ಆ ಕೋವಿ ನಿನಗಲ್ಲ. ಹೆಚ್ಚಿನ ಕೋವಿಗಳಲ್ಲಿ ಟ್ರಿಗರ್‌ನಿಂದ ಬಟ್ಟಿನ (ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗ) ಹಿಂಬದಿಗೆ 14 ಇಂಚು ಅಥವಾ ಇನ್ನೂ ಸ್ವಲ್ಪ ಉದ್ದ ಇರುತ್ತದೆ, ಅದು ಸಾಮಾನ್ಯ ಎತ್ತರದ ಗಂಡಸರ ಅಳತೆ. ನಿನ್ನ ಎತ್ತರಕ್ಕೆ ಅದು ಉದ್ದ. ಉದ್ದವಾದ ಬಟ್ಟು ತೋಳಿನ ಕಡೆ ಜಾರುತ್ತದೆ, ಈಡು ಹಾರಿದಾಗ ಅಲ್ಲೇ ಗುದ್ದುತ್ತದೆ, ಆಮೇಲೆ ರೇಂಜಿಗೆ ಹೋಗಲು ಮನಸ್ಸೇ ಬರುವುದಿಲ್ಲ. ಬಟ್ಟಿನ ಉದ್ದ ಹೆಚ್ಚು ಕಡಿಮೆ ಮಾಡಲು ಬಿಲ್ಲೆಗಳು ಜೊತೆಗೆ ಬರುವ ಮಾಡೆಲ್ ಕೇಳು, ಇಲ್ಲವೇ ಕಂಪನಿಯವರೇ ಮಾಡುವ ಗಿಡ್ಡ ಬಟ್ಟಿನ ಮಾಡೆಲ್ ನೋಡು. ನಿನ್ನ ಬಲವಾದ ಕಣ್ಣು, ಅಂದರೆ ಗುರಿ ಹಿಡಿಯುವಾಗ ತಾನೇ ಮುಂದಾಗುವ ಕಣ್ಣು, ಯಾವುದು ಅಂತಲೂ ಗೊತ್ತಿರಬೇಕು. ಬಲಗೈಯವರಲ್ಲೂ ಎಡಗಣ್ಣು ಮುಂದಾಗುವವರು ಇದ್ದಾರೆ, ಅವರು ಬಲಭುಜದಿಂದ ಎರಡೂ ಕಣ್ಣು ಬಿಟ್ಟು ಹೊಡೆದರೆ ಗುರಿ ಪಕ್ಕಕ್ಕೇ ಹೋಗುತ್ತಿರುತ್ತದೆ.

ಒಳಗಿನ ಯಂತ್ರ ಹೇಗೆ ಓಡುತ್ತದೆ ಅನ್ನುವುದು ಇನ್ನೊಂದು. ಸೆಮಿ ಆಟೋ ಅಂದರೆ ಒಂದು ಸಲ ಟ್ರಿಗರ್ ಎಳೆದರೆ ಒಂದೇ ಈಡು, ಖಾಲಿ ತೋಟಾ ಎಸೆದು ಮುಂದಿನದನ್ನು ಏರಿಸುವುದನ್ನು ಮಾತ್ರ ಕೋವಿಯೇ ಮಾಡಿಕೊಳ್ಳುತ್ತದೆ. ಜಾನ್ ಬ್ರೌನಿಂಗ್ 1900ರ ಸುಮಾರಿಗೆ ರೂಪಿಸಿದ ಆಟೋ 5ರಲ್ಲಿ ಈ ಕೆಲಸಕ್ಕೆ ನಳಿಗೆಯೇ ಹಿಂದಕ್ಕೆ ಸರಿಯುತ್ತಿತ್ತು. ಈಗ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಸಿಡಿಮದ್ದಿನ ಗ್ಯಾಸ್ ಸ್ವಲ್ಪ ಹೊರಳಿ ಪಿಸ್ಟನ್ ತಳ್ಳುತ್ತದೆ, 1963ರಲ್ಲಿ ಬಂದ ರೆಮಿಂಗ್ಟನ್ 1100 ಈ ಜಾತಿಯದು, ಬೆರೆಟಾ ಎ300, ಮಾಸ್‌ಬರ್ಗ್ 940 ಕೂಡ. ಇನ್ನೊಂದರಲ್ಲಿ ಕೋವಿ ಹಿಂದಕ್ಕೆ ಒದೆಯುವ ಬಲವನ್ನೇ ಒಂದು ಸ್ಪ್ರಿಂಗ್ ಹಿಡಿದು ಬೋಲ್ಟ್ ತೆರೆಯುತ್ತದೆ. ಬೆನೆಲ್ಲಿಯವರು ಹೆಸರಾದದ್ದು ಇದರಿಂದ, ಕಡಿಮೆ ಬೆಲೆಯ ಸ್ಟೋಗರ್ ಎಂ3000 ಕೂಡ ಇದೇ.

ಎರಡನೇ ಬಗೆ ಹಗುರ, ಒಳಗೆ ಮಸಿ ಕಡಿಮೆ, ತೊಳೆಯುವುದು ಸುಲಭ. ಆದರೂ ನಿನಗೆ ನಾನು ಗ್ಯಾಸಿನದನ್ನೇ ಹೇಳುವುದು. ಅದರಲ್ಲಿ ಭುಜಕ್ಕೆ ಬೀಳುವ ಒದೆತ ಮೆತ್ತಗಿರುತ್ತದೆ, ಒಂದು ಮಧ್ಯಾಹ್ನವೆಲ್ಲ ಹೊಡೆದರೂ ಇನ್ನೂ ಹೊಡೆಯೋಣ ಅನ್ನಿಸುತ್ತದೆ. ಒದೆತದಿಂದ ಓಡುವ ಕೋವಿಗೆ ಹಿಂದಕ್ಕೆ ಸರಿಯಲು ಅವಕಾಶ ಬೇಕು. ಮೈಮೇಲೆ ಟಾರ್ಚು, ಪಕ್ಕದಲ್ಲಿ ತೋಟಾ ಸಾಲು ಅಂತ ಭಾರ ಹೇರಿ ಹಗುರ ತೋಟಾ ಹಾಕಿದರೆ ಕೆಲವೊಮ್ಮೆ ಅರ್ಧಕ್ಕೇ ನಿಲ್ಲುತ್ತದೆ. ಗ್ಯಾಸಿನದಕ್ಕೆ ನೀನು ಕೊಡಬೇಕಾದದ್ದು ಶುಚಿ ಮಾತ್ರ. ರೇಂಜಿನಿಂದ ಬಂದ ಮೇಲೆ ಪಿಸ್ಟನ್ ಬಿಚ್ಚಿ ಮಸಿ ಒರೆಸಿ, ತೆಳುವಾಗಿ ಎಣ್ಣೆ ಹಚ್ಚು. ಸೋಮಾರಿತನ ಮಾಡಿದರೆ ಅದೂ ಕೈ ಕೊಡುತ್ತದೆ.

12 ಬೋರೋ 20 ಬೋರೋ ಅಂತ ಕೇಳಿದ್ದೀಯಲ್ಲ. ನಂಬರ್ ದೊಡ್ಡದಾದಷ್ಟೂ ನಳಿಗೆಯ ಬಾಯಿ ಸಣ್ಣ. 12 ಸುಮಾರು 18.5 ಮಿಲಿಮೀಟರ್, 20 ಸುಮಾರು 15.6. ತೋಟಾ ಎಲ್ಲೆಡೆ ಸುಲಭವಾಗಿ, ಬಗೆಬಗೆಯಲ್ಲಿ ಸಿಗುವುದು 12ಕ್ಕೆ, ಹಾಗಾಗಿ ಅದನ್ನೇ ತಗೋ. ಒದೆತ ಜಾಸ್ತಿ ಅನ್ನಿಸಿದರೆ 28 ಗ್ರಾಂ ಅಥವಾ 24 ಗ್ರಾಂ ಚರೆಯ ಹಗುರ ತೋಟಾ ಹಾಕು, ಕ್ಲೇ ತಟ್ಟೆಗೆ ಅಷ್ಟು ಸಾಕು. ಆದರೆ ಆ ಕೋವಿ ಎಷ್ಟು ಹಗುರದ ತೋಟಾವರೆಗೆ ಓಡುತ್ತದೆ ಅಂತ ಅದರ ಕೈಪಿಡಿಯಲ್ಲಿ ಮೊದಲೇ ನೋಡಿಕೊ. ಮೂರೂವರೆ ಇಂಚಿನ ತೋಟಾ ಹಿಡಿಯುವ ಚೇಂಬರ್ ನಿನಗೆ ಬೇಡ, ಮೂರು ಇಂಚು ಧಾರಾಳ. ಒಂದು ಮಾತು ನೆನಪಿರಲಿ. 20 ಬೋರಿನ ತೋಟಾವನ್ನು ಹಳದಿ ಬಣ್ಣದಲ್ಲಿ ಮಾಡುವುದು ಸುಮ್ನೆ ಅಲ್ಲ. ಅದು 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ಇನ್ನೊಂದು ತೋಟಾ ಕೂತು ಈಡಾದರೆ ನಳಿಗೆ ಒಡೆದು ಕೈ ಹೋಗುತ್ತದೆ. ಎರಡು ಬೋರಿನ ತೋಟಾ ಒಂದೇ ಚೀಲದಲ್ಲಿ ಯಾವತ್ತೂ ಇಡಬೇಡ.

ನಳಿಗೆ 26 ಇಂಚು ಇರಲಿ, ಚೋಕ್ (ಚರೆ ಎಷ್ಟು ಹರಡಬೇಕು ಅಂತ ನಿರ್ಧರಿಸುವ, ನಳಿಗೆ ತುದಿಗೆ ತಿರುಗಿಸಿ ಕೂರಿಸುವ ಕೊಳವೆ) ಬದಲಿಸುವಂತಿರಲಿ. ಬಜೆಟ್ ಒಪ್ಪಿದರೆ, ಕಾನೂನೂ ಒಪ್ಪಿದರೆ, ಮನೆಗೆ ಅಂತ ಅದೇ ಕೋವಿಗೆ ಕೂರುವ ಗಿಡ್ಡ ನಳಿಗೆ ಮುಂದೆ ಕೊಳ್ಳಬಹುದು. ಈಗಲೇ ಬೇಕಿಲ್ಲ.

ಮನೆಯ ರಕ್ಷಣೆ ಬಗ್ಗೆ ಗಟ್ಟಿಯಾಗಿಯೇ ಹೇಳುತ್ತೇನೆ ಪುಟ್ಟಿ. ಮೊದಲು ಬಾಗಿಲು, ಚಿಲಕ, ಹೊರಗಿನ ದೀಪ ಸರಿ ಮಾಡಿಸು. ಯಾರೋ ನುಗ್ಗಿದರು ಅಂದರೆ ಒಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡು ಪೊಲೀಸರಿಗೆ ಫೋನ್ ಮಾಡು, ಕೋವಿ ಹಿಡಿದು ಹುಡುಕಿಕೊಂಡು ಹೋಗಬೇಡ. ಶಾಟ್‌ಗನ್‌ಗೆ ಗುರಿ ಬೇಡ, ಚರೆ ಹರಡಿಕೊಳ್ಳುತ್ತದೆ ಅನ್ನುವವರ ಮಾತು ಕೇಳಬೇಡ. ಕೋಣೆಯಷ್ಟು ದೂರದಲ್ಲಿ ಚರೆ ಹರಡುವುದು ಕೆಲವೇ ಇಂಚು. ದೊಡ್ಡ ಚರೆಯ ಡಬಲ್ ಆಟ್ ತೋಟಾದಲ್ಲಿ 8.4 ಮಿಲಿಮೀಟರಿನ ಎಂಟೊಂಬತ್ತು ಗುಂಡುಗಳಿರುತ್ತವೆ, ಅವು ತೆಳು ಗೋಡೆ ತೂರಿ ಆಚೆ ಮಲಗಿದವರನ್ನು ಮುಟ್ಟುತ್ತವೆ. ಎದುರಿಗಿರುವುದು ಯಾರು, ಅವರ ಹಿಂದೆ ಏನಿದೆ ಅಂತ ಕಾಣದೆ ಬೆರಳು ಟ್ರಿಗರ್ ಮುಟ್ಟಲೇಬಾರದು. ಮುಚ್ಚಿದ ಬಾಗಿಲಾಚೆ ಇರುವುದು ನಿಮ್ಮಮ್ಮನೂ ಆಗಿರಬಹುದು.

ಹೆಚ್ಚಿನ ಶಾಟ್‌ಗನ್‌ಗಳಲ್ಲಿ ಸೇಫ್ಟಿ ಬಟನ್ ತಡೆಯುವುದು ಟ್ರಿಗರನ್ನು ಮಾತ್ರ. ಕೋವಿ ಕೆಳಗೆ ಬಿದ್ದರೆ ಅದನ್ನು ನಂಬುವ ಹಾಗಿಲ್ಲ, ಹಾಗಾಗಿ ಚೇಂಬರಿನಲ್ಲಿ ತೋಟಾ ಇಟ್ಟು ಯಾವತ್ತೂ ಒಳಗಿಡಬೇಡ. ಕೋವಿಗೆ ಒಂದು ಬೀಗ, ತೋಟಾಕ್ಕೆ ಬೇರೆ ಬೀಗ. ಅಕ್ಕನ ಮಕ್ಕಳು ಬರುತ್ತಾರೆ, ಅವರ ಕೈಗೆ ಎಟಕದ ಜಾಗ ಅಂತ ಮನೆಯಲ್ಲಿ ಯಾವುದೂ ಇಲ್ಲ, ಬೀಗ ಒಂದೇ. ಇನ್ನೊಂದು, ಹೇಳಲು ಕಷ್ಟವಾದರೂ ಹೇಳುತ್ತೇನೆ. ಮನೆಯಲ್ಲಿ ಯಾರಿಗಾದರೂ, ನಿನಗೇ ಆಗಲಿ, ಮನಸ್ಸು ತೀರಾ ಕುಗ್ಗಿದ ಕಾಲ ಬಂದರೆ ಕೋವಿಯನ್ನು ಮನೆಯಿಂದ ಆಚೆ, ಕಾನೂನು ಒಪ್ಪುವ ಜಾಗಕ್ಕೆ ಸಾಗಿಸು. ನನಗೆ ಫೋನ್ ಮಾಡು, ನಾನು ಏನೂ ಕೇಳದೆ ಅದರ ವ್ಯವಸ್ಥೆ ಮಾಡುತ್ತೇನೆ.

ದುಡ್ಡಿನ ವಿಷಯಕ್ಕೆ ಬಂದರೆ, ಟರ್ಕಿಯಲ್ಲಿ ತಯಾರಾದ ಕೋವಿಗಳು ಅಗ್ಗಕ್ಕೆ ಸಿಗುತ್ತವೆ, ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಸ್ಪ್ರಿಂಗು, ರಿಂಗು, ಚೋಕ್ ನಾಳೆ ಎಲ್ಲಿ ಸಿಗುತ್ತದೆ ಅಂತ ಕೇಳದೆ ಕೊಳ್ಳಬೇಡ. ಒಳ್ಳೆ ಕಂಪನಿಯ ಹಳೆ ಕೋವಿ ಸಿಕ್ಕರೆ ನನಗೆ ಅದೇ ಇಷ್ಟ. ಅಂಥದ್ದರಲ್ಲಿ ನಳಿಗೆಗೆ ಬೆಳಕು ಹಿಡಿದು ತಗ್ಗು, ಉಬ್ಬು ಇದೆಯಾ ನೋಡು. ಚೋಕ್ ತಿರುಗಿಸಿ ಬಿಚ್ಚಿ ನೋಡು, ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಬಿಟ್ಟುಬಿಡು. ಗ್ಯಾಸ್ ಪಿಸ್ಟನ್ನಿನ ರಿಂಗು ಸವೆದಿದ್ದರೆ ಬೆಲೆ ಇಳಿಸಲು ಹೇಳು, ಅದು ಬದಲಿಸುವ ಸಾಮಾನು. ಉಳಿದ ದುಡ್ಡಲ್ಲಿ ಬೀಗದ ಪೆಟ್ಟಿಗೆ, ಕನ್ನಡಕ, ಕಿವಿಗೆ ಒಳ್ಳೆ ಮಫ್, ಒಬ್ಬ ತರಬೇತುದಾರರ ಪಾಠ. ಶಾಟ್‌ಗನ್ ಸದ್ದು 150 ಡೆಸಿಬೆಲ್ ದಾಟುತ್ತದೆ, ಒಂದೇ ಈಡಿಗೆ ಕಿವಿಗೆ ಪೆಟ್ಟಾಗಬಹುದು, ಹೋದ ಕಿವಿ ವಾಪಸ್ ಬರುವುದಿಲ್ಲ.

ನಿನ್ನ ಬಲವಾದ ಕಣ್ಣು ಯಾವುದು, ಮೊಣಕೈ ಒಳಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿಗೆ ಎಷ್ಟು ಇಂಚು ಅಂತ ಅಳೆದು ಬರೆ. ಮುಂಗಡ ಕೊಡುವ ಮೊದಲು ನನಗೆ ತಿಳಿಸು.

ಇಂತಿ ನಿನ್ನ
ಮಾವ