ಯಾರನ್ನೇ ಪಾಪಿ ಅಂತಿದ್ದೀಯ?

ಹೋದ ವರ್ಷ ನವೆಂಬರಿನ ಮೊದಲ ವಾರ. ಮದ್ದೂರಿನಿಂದ ಬಂದಿದ್ದ ನಮ್ಮಮ್ಮ ಅಡುಗೆಮನೆಯಲ್ಲಿ ಫ್ರೋಜನ್ ಅವರೆಕಾಳಿನ ಪ್ಯಾಕೆಟ್ಟನ್ನು ಅನುಮಾನದಿಂದ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಶಾಲೆಯಿಂದ ಬಂದ ಮಗಳು ಬೂಟು ಬಿಚ್ಚುವ ಮೊದಲೇ, "ಅಪ್ಪಾ, ನನ್ನ ಪಾಪಿ ಎಲ್ಲೋ ಬಿದ್ದೋಯ್ತು!" ಎಂದು ಅಳುಮುಖ ಮಾಡಿದಳು. ಅಮ್ಮ ಪ್ಯಾಕೆಟ್ಟು ಕೆಳಗಿಟ್ಟರು. "ಯಾರನ್ನೇ ಪಾಪಿ ಅಂತಿದ್ದೀಯ? ಮಕ್ಕಳ ಬಾಯಲ್ಲಿ ಬರೋ ಮಾತೇನೇ ಅದು?"

"ಹೂವಮ್ಮ ಅದು. ಗಸಗಸೆ ಹೂವು" ಎಂದೆ.

"ಪಾಯಸದ ಗಸಗಸೆಯಾ?"

"ಅದರ ದಾಯಾದಿ."

ಯುದ್ಧಗಳಲ್ಲಿ ಮಡಿದವರ ನೆನಪಿಗೆಂದು ಅಕ್ಟೋಬರ್ ಕೊನೆಯಿಂದ ಅವರ ಸ್ಮರಣೆಯ ದಿನವಾದ ನವೆಂಬರ್ 11ರವರೆಗೆ ಈ ಕೆನಡಾ ದೇಶದಲ್ಲಿ ಎದೆಯ ಎಡಗಡೆ ಸಿಕ್ಕಿಸಿಕೊಳ್ಳುವ ಆ ಕೆಂಪು ಹೂವಿನ ಕತೆಯನ್ನು ಅವತ್ತು ಅಮ್ಮನಿಗೆ ಹೇಳಬೇಕಾಯಿತು. ಹೇಳಲು ಕೂತ ಮೇಲೆ ಗೊತ್ತಾಯಿತು, ಇಷ್ಟು ವರ್ಷ ಡಬ್ಬಿಗೆ ಚಿಲ್ಲರೆ ಹಾಕಿ ಹೂವು ತೆಗೆದುಕೊಂಡಿದ್ದೇನೆಯೇ ಹೊರತು ಹೆಚ್ಚೇನೂ ತಿಳಿದುಕೊಂಡಿರಲಿಲ್ಲ. (ವರ್ಷಕ್ಕೆ ಮೂರಾದರೂ ಹೂವು ಕಳೆದುಕೊಳ್ಳುತ್ತೇನೆ. ಆ ಪಿನ್ನು ಮಾಡಿದವರು ಅದನ್ನು ಒಮ್ಮೆಯೂ ಜಾಕೆಟ್ಟಿಗೆ ಸಿಕ್ಕಿಸಿ ನೋಡಿದಂತಿಲ್ಲ.)

ಈ ಹೂವಿನ ಬೀಜ ಮಣ್ಣಿನೊಳಗೆ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ನೆಲ ಉತ್ತಾಗ, ಅಗೆದಾಗ ಮೊಳೆಯುತ್ತದೆ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನ ಫ್ಲಾಂಡರ್ಸ್ ಹೊಲಗಳನ್ನು ಫಿರಂಗಿ ಗುಂಡುಗಳೇ ಉತ್ತವು. ಸತ್ತವರನ್ನು ಹೂಳಿದ ಹಸಿಮಣ್ಣಿನ ಮೇಲೆ ಕೆಂಪು ಹೂವು ಎದ್ದಿತು. ಅದನ್ನು ಕಂಡು ಹದಿನೈದು ಸಾಲಿನ ಪದ್ಯ ಬರೆದ ಸೈನ್ಯದ ಡಾಕ್ಟರು ಜಾನ್ ಮೆಕ್ರೇ ನಮ್ಮ ಪಕ್ಕದ ಗ್ವೆಲ್ಫ್ ಊರಿನವರು. 1915ರ ಮೇ ತಿಂಗಳಲ್ಲಿ, ಗೆಳೆಯನೊಬ್ಬನನ್ನು ಮಣ್ಣು ಮಾಡಿದ ಬೆನ್ನಿಗೆ ಬರೆದದ್ದು. ಯುದ್ಧ ಮುಗಿಯುವುದನ್ನು ಅವರು ನೋಡಲಿಲ್ಲ; 1918ರ ಜನವರಿಯಲ್ಲಿ ಫ್ರಾನ್ಸಿನಲ್ಲೇ ನ್ಯುಮೋನಿಯಾದಿಂದ ತೀರಿಕೊಂಡರು.

ಆ ಪದ್ಯಕ್ಕೆ ಕೆಲವೇ ದಿನ ಮೊದಲು, ಏಪ್ರಿಲ್ 22ರಂದು, ಈಪ್ರ್ ಪಟ್ಟಣದ ಬಳಿ ಜರ್ಮನರು ಕ್ಲೋರಿನ್ ವಿಷಾನಿಲ ಬಿಟ್ಟಿದ್ದರು. ಸಾಲು ಮುರಿಯದಂತೆ ಅಲ್ಲಿ ನಿಂತವರು ಕೆನಡಾದ ಹುಡುಗರು. ನಾಲ್ಕು ದಿನದ ನಂತರ ಅದೇ ನೆಲದಲ್ಲಿ ದಾಳಿಗೆ ಇಳಿದದ್ದು ಭಾರತೀಯ ಸೈನ್ಯದ ಲಾಹೋರ್ ಡಿವಿಷನ್. ಈಪ್ರ್‌ನ ಮೆನಿನ್ ಗೇಟ್ ಸ್ಮಾರಕದ ಗೋಡೆಯ ಮೇಲೆ ಗೋರಿಯೂ ಸಿಗದ 54,000ಕ್ಕೂ ಹೆಚ್ಚು ಜನರ ಹೆಸರಿದೆ. ಕೆನಡಾದವರದೂ ಇದೆ, ಭಾರತೀಯರದೂ ಇದೆ.

ಇದನ್ನೆಲ್ಲ ಈಗ ಬರೆಯಲು ಕಾರಣ ನಮ್ಮ ಕನ್ನಡ ಸಂಘದ ಸಮಿತಿಯ ಸಭೆ. ಈ ಸಲ ರಾಜ್ಯೋತ್ಸವದ ಕಾರ್ಯಕ್ರಮ ನವೆಂಬರ್ 11ರ ವಾರದಲ್ಲೇ ಬಂದಿದೆ. ಎರಡು ನಿಮಿಷ ಮೌನ ಆಚರಿಸೋಣ ಎಂದು ಒಬ್ಬರು ಸೂಚಿಸಿದರು. "ನಮ್ಮನ್ನು ಆಳಿದವರ ಯುದ್ಧ ಅದು. ಭುವನೇಶ್ವರಿಯ ಮುಂದೆ ಅದಕ್ಕೇನು ಜಾಗ?" ಎಂದು ಹಿರಿಯರೊಬ್ಬರು ಕೇಳಿದರು. ನನಗೆ ಈ ಪ್ರಶ್ನೆ ಹಿಡಿಸಿತು. ಉತ್ತರ ಕೊಡದೆ ಪಕ್ಕಕ್ಕೆ ಸರಿಸುವಂಥದ್ದಲ್ಲ ಅದು. ಸಾಮ್ರಾಜ್ಯದ ಯುದ್ಧ ಎಂಬುದು ನಿಜ. 1914ರಲ್ಲಿ ಕೆನಡಾವನ್ನು ಕೂಡ ಯಾರೂ ಕೇಳಲಿಲ್ಲ. ಬ್ರಿಟನ್ ಯುದ್ಧ ಸಾರಿದರೆ ಇವರೂ ಯುದ್ಧದಲ್ಲಿದ್ದಂತೆಯೇ. ಸುಮಾರು 80 ಲಕ್ಷ ಜನರ ದೇಶ 60,000ಕ್ಕೂ ಹೆಚ್ಚು ಮಕ್ಕಳನ್ನು ಕಳೆದುಕೊಂಡಿತು.

ಗೆದ್ದದ್ದನ್ನಷ್ಟೇ ನೆನೆಯುವ ದಿನವೂ ಇದಲ್ಲ. ಕೆನಡಾ ಡೇ ಎಂದು ಜುಲೈ 1ರಂದು ನಾವು ಪಾರ್ಕಿನಲ್ಲಿ ಚಿತ್ರಾನ್ನ ಬಡಿಸುವ ಹೊತ್ತಿಗೆ ಪೂರ್ವ ತುದಿಯ ನ್ಯೂಫೌಂಡ್‌ಲ್ಯಾಂಡಿನಲ್ಲಿ ಬಾವುಟ ಅರ್ಧಕ್ಕೆ ಇಳಿದಿರುತ್ತದೆ. 1916ರ ಅದೇ ದಿನ ಫ್ರಾನ್ಸಿನ ಬೋಮಾಂಟ್ ಹಾಮೆಲ್‌ನಲ್ಲಿ ಅಲ್ಲಿನ ಸುಮಾರು 800 ಜನ ಕಂದಕದಿಂದ ಎದ್ದು ಹೊರಟರು. ಮಾರನೆಯ ಬೆಳಿಗ್ಗೆ ಹಾಜರಿ ಕೂಗಿದಾಗ ಓಗೊಟ್ಟವರು 68. ಆ ದಾಳಿಯಿಂದ ಒಂದು ಗೇಣು ನೆಲವೂ ಸಿಗಲಿಲ್ಲ. ಮಧ್ಯಾಹ್ನದವರೆಗೆ ಅಲ್ಲಿ ಶೋಕ, ಆಮೇಲೆ ಕೆನಡಾ ಡೇ.

ಆದರೂ ಆ ಹಿರಿಯರಿಗೆ ನಾನು ತೋರಿಸಬೇಕೆಂದಿರುವುದು ಗೋಡೆಗಳನ್ನಲ್ಲ, ಕಿಚನರ್ ಊರಿನ ಮೌಂಟ್ ಹೋಪ್ ಸ್ಮಶಾನದ ಒಂದೇ ಒಂದು ಕಲ್ಲನ್ನು. ಬುಕ್ಕಂ ಸಿಂಗ್ ಎಂಬ ಪಂಜಾಬಿ ಹುಡುಗನದು. ಹದಿಹರೆಯದಲ್ಲೇ ಬ್ರಿಟಿಷ್ ಕೊಲಂಬಿಯಾಗೆ ಬಂದವನು. 1907ರಿಂದ ಆ ಪ್ರಾಂತದಲ್ಲಿ ನಮ್ಮವರಿಗೆ ಮತದಾನದ ಹಕ್ಕಿರಲಿಲ್ಲ. ಅದು ಮತ್ತೆ ಸಿಕ್ಕಿದ್ದು 1947ರಲ್ಲಿ. ಹೆಂಡತಿಯನ್ನು ಕರೆಸಿಕೊಳ್ಳುವಂತಿರಲಿಲ್ಲ. 1914ರ ಜುಲೈ 23ರಂದು, ಭಾರತದಿಂದ ವಲಸೆ ಹೊರಟವರನ್ನು ಹೊತ್ತು ತಂದಿದ್ದ ಕೊಮಗಾಟ ಮಾರು ಹಡಗನ್ನು ವ್ಯಾಂಕೂವರಿನಿಂದ ಹಿಂದಕ್ಕೆ ಅಟ್ಟಿದರು. ಎರಡು ವಾರ ಕಳೆಯುವುದರೊಳಗೆ ಯುದ್ಧ ಶುರುವಾಯಿತು. 1915ರಲ್ಲಿ ಇವನು ಒಂಟಾರಿಯೊದಲ್ಲಿ ಸೈನ್ಯ ಸೇರಿದ. ಬಾಗಿಲು ಹಾಕಿಕೊಂಡ ಮನೆಯನ್ನು ಕಾಯಲು ಹೊರಟವನು! 1916ರಲ್ಲಿ ಎರಡು ಸಲ ಗಾಯಗೊಂಡ. ಒಮ್ಮೆ ಚಿಕಿತ್ಸೆ ಪಡೆದದ್ದು ಅದೇ ಡಾಕ್ಟರ್ ಮೆಕ್ರೇ ಇದ್ದ ಆಸ್ಪತ್ರೆಯಲ್ಲಿ. ಆಮೇಲೆ ಕ್ಷಯ ಹಿಡಿದು ಕೆನಡಾಗೆ ವಾಪಸ್ಸಾಗಿ 1919ರಲ್ಲಿ ಕಿಚನರಿನಲ್ಲಿ ಸತ್ತ. ವಯಸ್ಸು 25. ಆಮೇಲೆ ಅವನನ್ನು ಎಲ್ಲರೂ ಮರೆತರು. ಸುಮಾರು ತೊಂಬತ್ತು ವರ್ಷದ ಮೇಲೆ ಅವನ ಪದಕ ಇಂಗ್ಲೆಂಡಿನ ಒಂದು ಅಂಗಡಿಯಲ್ಲಿ ಸಿಕ್ಕಿ, ಅದರ ಜಾಡು ಹಿಡಿದು ಹೋದವರಿಗೆ ಈ ಕಲ್ಲು ಕಂಡಿತು. ಈಗ ಪ್ರತಿ ನವೆಂಬರಿನಲ್ಲೂ ಅಲ್ಲಿ ಜನ ಸೇರುತ್ತಾರೆ.

ವ್ಯಾಂಕೂವರಿನ ಸ್ಟ್ಯಾನ್ಲಿ ಪಾರ್ಕಿನಲ್ಲಿ ಜಪಾನಿ ಮೂಲದ ಕೆನಡಾ ಸೈನಿಕರ ಸ್ತಂಭವಿದೆ. ಅದರ ತುದಿಯ ದೀಪವನ್ನು 1942ರಲ್ಲಿ ಆರಿಸಿದರು, ಆ ಸೈನಿಕರ ಜನರನ್ನೇ ಶಿಬಿರಗಳಿಗೆ ಅಟ್ಟಿದ ವರ್ಷ. ಮತ್ತೆ ಹಚ್ಚಿದ್ದು 1985ರಲ್ಲಿ. ಈ ದೇಶದ ನೆನಪಿನಲ್ಲಿ ಇಂಥ ಕತ್ತಲೆಯೂ ಇದೆ. ಮೌನ ನಿಲ್ಲುವಾಗ ಅದನ್ನು ಬಿಟ್ಟು ನಿಲ್ಲಬೇಕೆಂದು ಯಾರೂ ಹೇಳಿಲ್ಲವಲ್ಲ.

ಮರೆಯುವುದರಲ್ಲಿ ನಾವೂ ಕಡಿಮೆಯೇನಲ್ಲ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಕಾಲೇಜು ದಿನಗಳಲ್ಲಿ ಬಿಟಿಎಸ್ ಬಸ್ಸಿನಲ್ಲಿ ಅದರ ಮುಂದೆ ಎಷ್ಟು ಸಲ ಹೋಗಿದ್ದೇನೋ, ಒಂದು ದಿನವೂ ಇಳಿದು ಓದಿದವನಲ್ಲ.

ಅಮ್ಮನಿಗೆ ಇದೆಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಒಂದು ನಾಯಿಯ ಕತೆ. 1941ರಲ್ಲಿ ಹಾಂಗ್‌ಕಾಂಗ್ ಕಾಯಲು ಕೆನಡಾ ಕಳಿಸಿದ್ದ 1,975 ಜನರ ಜೊತೆ ಗ್ಯಾಂಡರ್ ಎಂಬ ದೊಡ್ಡ ಕರಿ ನ್ಯೂಫೌಂಡ್‌ಲ್ಯಾಂಡ್ ನಾಯಿಯೂ ಹೋಗಿತ್ತು. ಆ ದ್ವೀಪದಲ್ಲೇ ರಜಪೂತ್ ಮತ್ತು ಪಂಜಾಬ್ ರೆಜಿಮೆಂಟಿನ ನಮ್ಮವರೂ ಹೋರಾಡುತ್ತಿದ್ದರು. ಆ ಡಿಸೆಂಬರಿನಲ್ಲಿ ಗಾಯಗೊಂಡು ಬಿದ್ದವರ ನಡುವೆ ಜಪಾನೀಯರ ಗ್ರೆನೇಡ್ ಬಂದು ಬಿದ್ದಾಗ ಈ ನಾಯಿ ಅದನ್ನು ಬಾಯಲ್ಲಿ ಕಚ್ಚಿಕೊಂಡು ಓಡಿತು. ಜನ ಉಳಿದರು, ನಾಯಿ ಉಳಿಯಲಿಲ್ಲ. 2000ದಲ್ಲಿ ಅದಕ್ಕೆ, ಯುದ್ಧದಲ್ಲಿ ಶೌರ್ಯ ತೋರಿದ ಪ್ರಾಣಿಗಳಿಗೆ ಕೊಡುವ ಡಿಕಿನ್ ಪದಕ ಕೊಟ್ಟರು.

"ನಮ್ಮ ಆತಕೂರಿನ ಕಾಳಿ ಹಂಗೇ" ಎಂದರು ಅಮ್ಮ.

ಮದ್ದೂರು ತಾಲ್ಲೂಕಿನವರಿಗೆ ಇದು ಮನೆಯ ಕತೆ. ಗಂಗರ ಬೂತುಗನ ಬಂಟ ಮಣಲೇರ ತಕ್ಕೋಲದ ಯುದ್ಧದಲ್ಲಿ ಕಾದಿದ್ದಕ್ಕೆ, ಬೇರೇನೂ ಬೇಡ, ಕಾಳಿ ಎಂಬ ನಾಯಿಯನ್ನು ಕೊಡಿ ಎಂದು ಕೇಳಿ ಪಡೆದ. ಆ ನಾಯಿ ದೊಡ್ಡ ಹಂದಿಯೊಂದಿಗೆ ಸೆಣಸಿತು, ಎರಡೂ ಸತ್ತವು. ಈ ಕತೆಯನ್ನು ಕೆತ್ತಿದ ಸಾವಿರ ವರ್ಷದ ಹಿಂದಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಾಸನದಲ್ಲಿ ಒಂದು ಕಟ್ಟಳೆಯಿದೆ: ಪೂಜೆಗೆಂದು ಬಿಟ್ಟ ಭೂಮಿಯನ್ನು ನೋಡಿಕೊಳ್ಳುವ ಗೊರವ (ಶಿವನ ಪೂಜಾರಿ) ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ.

"ಪೂಜೆ ಮಾಡದೆ ಉಂಡವನು ಪಾಪಿ" ಎಂದು ಅಮ್ಮ ಮೊಮ್ಮಗಳಿಗೆ ವಿವರಿಸಿದರು. ಅವಳಿಗೆ ಎಷ್ಟು ಅರ್ಥವಾಯಿತೋ. ಮಾರನೆಯ ದಿನ ಶಾಲೆಯಲ್ಲಿ ಕಾಳಿಯ ಕತೆಯನ್ನಂತೂ ಹೇಳಿ ಬಂದಿದ್ದಳು.

ಸಭೆಯಲ್ಲಿ ಈ ಶಾಸನದ ಮಾತು ಎತ್ತಿದೆ. ಆ ಹಿರಿಯರು ನಕ್ಕು, "ಹಾಗಾದರೆ ಮೌನ ಊಟಕ್ಕೆ ಮೊದಲು ಇಟ್ಟುಕೊಳ್ಳಿ" ಎಂದರು. ಹಾಗೇ ಆಗಿದೆ. ಎಲೆ ಹಾಕುವ ಮುಂಚೆ ಎರಡು ನಿಮಿಷ. ಭಾಷಣ ಇಲ್ಲ, ಬುಕ್ಕಂ ಸಿಂಗ್ ಹೆಸರನ್ನು ಒಬ್ಬ ಹುಡುಗಿ ಓದುತ್ತಾಳೆ, ಅಷ್ಟೇ. ಹೂವಿನ ಡಬ್ಬಿ ನೋಂದಣಿ ಮೇಜಿನ ಮೇಲಿರುತ್ತದೆ. ಪಿನ್ನಿನ ತುದಿಗೆ ಪೆನ್ಸಿಲ್ ರಬ್ಬರಿನ ಒಂದು ಚೂರು ಚುಚ್ಚಿಕೊಂಡರೆ ಹೂವು ಬೀಳುವುದಿಲ್ಲ. ಇದು ಅಮ್ಮನ ಉಪಾಯ.